ಗ್ಯಾಸ್ ಟ್ರಬಲ್ಲಿಗೆ ಇನ್ನೊಂದು ಪದ

ಸಿಲಿಂಡರ್ ಸೋರಿರಬಹುದು. ಸೋರಿದ್ದು ತಿಳಿಯದೆ ಯಾರಾದರೂ ಕಡ್ಡಿ ಗೀರಿರಬಹುದು. ಗೀರದಿದ್ದರೆ, ತಿರುಪು ಮುಚ್ಚದವರು ಯಾರು ಎಂದು ಅತ್ತೆ ಸೊಸೆಗೆ ಜಗಳ ಹತ್ತಿ, ಸೊಸೆ ಸೂಟ್‌ಕೇಸ್ ಹಿಡಿದು ಕೊಯಮತ್ತೂರಿನ ಸ್ಟೇಷನ್ನಿನಲ್ಲಿ ನಿಂತಿರಬಹುದು. ಅಲ್ಲಿ ಸೂಟ್‌ಕೇಸೂ ಕಳುವಾಗಿರಬಹುದು.

ಅಕ್ಕನ ಮಗಳು ಸುಮಾ ಬೆಳಿಗ್ಗೆ ಫೋನಿಗೆ ಕಳಿಸಿದ್ದು ಇಷ್ಟೇ: "ಮಾವಾ, ಸ್ವಲ್ಪ ಗ್ಯಾಸ್ ಟ್ರಬಲ್. ಫೋನ್ ಮಾಡು." ಮೊದಲು ಚಿಂತೆ, ಆಮೇಲೆ ವಿಚಾರಣೆ ಎಂಬುದು ನನ್ನ ಪದ್ಧತಿ. ಅದರಲ್ಲೂ ಈ ಎರಡು ಪದ ಜೊತೆಯಾಗಿ ಬಂದರೆ ನಾನು ಹೆದರಲು ಕಾರಣವಿದೆ, ಕೇಳಿ.

ಅರಳೆಯ ಗುಣ ನೋಡುವ ಕೆಲಸಕ್ಕೆ ನಮ್ಮೂರು ಆದವಾನಿಗೆ ಬಂದಿದ್ದ ಕೊಯಮತ್ತೂರಿನ ಹುಡುಗನನ್ನು ಸುಮಾ ಮೆಚ್ಚಿದ್ದಳು. ಹುಡುಗನ ತಂದೆತಾಯಿ ಮಾತುಕತೆಗೆಂದು ಬಂದು ಲಾಡ್ಜಿನಲ್ಲಿ ಇಳಿದಿದ್ದರು. ಅವರದು ತಮಿಳು, ನಮ್ಮದು ಕನ್ನಡ, ತೆಲುಗು. ನಡುವೆ ಇಂಗ್ಲಿಷು, ಇಂಗ್ಲಿಷಿಗೆ ನಾನು. ಅವರು ಊಟಕ್ಕೆ ಬರುವ ದಿನ ಹೋಳಿಗೆ ಅರ್ಧ ಬೇಯುವಷ್ಟರಲ್ಲಿ ಗ್ಯಾಸ್ ಮುಗಿಯಿತು.

"ತಮ್ಮಾ, ಒಂದು ತಾಸು ತಡಾ ಮಾಡಿ ಬರ್ರಿ ಅಂತ ಬರಿ," ಎಂದಳು ಅಕ್ಕ. "ಸಿಲಿಂಡರ್ ಖಾಲಿ ಅಂತ ಮಾತ್ರ ಬರೀಬ್ಯಾಡ. ಹೆಣ್ಣು ಕೊಡೋ ಮನ್ಯಾಗ ಉರಿಗೂ ಗತಿ ಇಲ್ಲೇನು ಅಂದಾರು. ಈ ಸಂಬಂಧ ತಪ್ಪಿದ್ರ ನನ್ನ ಮಗಳು ನನ್ನ ಮಖಾ ನೋಡಂಗಿಲ್ಲ."

ನಮ್ಮ ಕಡೆ ಕಷ್ಟಕ್ಕೆ ಪದಗಳ ಬರವಿಲ್ಲ. ಮೈಗೆ ತ್ರಾಸು, ತೆಲುಗು ನೆಂಟರ ಮುಂದೆ ಇಬ್ಬಂದಿ, ಮಾರ್ಕೆಟ್ಟಿನಲ್ಲಿ ಪರೇಶಾನಿ. ಇಂಗ್ಲಿಷಿನಲ್ಲಿ ಯಾವುದು ಎಲ್ಲಿಗೆ? ಗ್ಯಾಸ್ ಟ್ರಬಲ್ ಆಗಲೇ ಹೊಟ್ಟೆಯ ಪಾಲಾಗಿತ್ತು. ಗ್ಯಾಸ್ ಪ್ರಾಬ್ಲಮ್ಮೂ ಅದರದೇ. ಡಿಫಿಕಲ್ಟಿ ಎಂದರೆ ಗ್ಯಾಸು ಹೊರಬರಲು ಒಲ್ಲದೆ ಹಠ ಹಿಡಿದಂತೆ ಕೇಳಿಸಿತು. ಡಿಸ್ಟ್ರೆಸ್ ಎಂದರೆ ಆಂಬುಲೆನ್ಸೇ ಬಂದೀತು. ಉಳಿದದ್ದು ಹಾರ್ಡ್‌ಶಿಪ್. ಶಾಲೆಯ ಪಾಠಗಳಲ್ಲಿ ದೊಡ್ಡವರೆಲ್ಲ ಹಾರ್ಡ್‌ಶಿಪ್ ಅನುಭವಿಸಿಯೇ ದೊಡ್ಡವರಾದದ್ದು, ಮರ್ಯಾದೆಯ ಪದ. "ನಮ್ಮ ಇಡೀ ಕುಟುಂಬ ಗ್ಯಾಸ್ ಹಾರ್ಡ್‌ಶಿಪ್ ಅನುಭವಿಸುತ್ತಿದೆ, ದಯವಿಟ್ಟು ಒಂದು ತಾಸು ತಡವಾಗಿ ಬನ್ನಿ" ಎಂದು ಇಂಗ್ಲಿಷಿನಲ್ಲಿ ಕಳಿಸಿ ಮೀಸೆ ತೀಡಿಕೊಂಡೆ.

ಅವರು ತಡವಾಗಿ ಬರಲಿಲ್ಲ, ಓಡಿ ಬಂದರು. ಹುಡುಗನ ತಾಯಿಯ ಕೈಯಲ್ಲಿ ಇಂಗಿನ ಡಬ್ಬಿ, ಓಮದ ಪೊಟ್ಟಣ. ತಮಿಳರ ಶಾಸ್ತ್ರವಿರಬೇಕೆಂದು ನಾನು ಎರಡೂ ಕೈಯೊಡ್ಡಿ ತೆಗೆದುಕೊಂಡೆ. ಆಕೆ ಅಕ್ಕನ ಹೊಟ್ಟೆಯನ್ನು ಒಮ್ಮೆ ನೋಡಿದರು, ನನ್ನದನ್ನು ಬಹಳ ಹೊತ್ತು. ನನ್ನ ಹೊಟ್ಟೆ ಎಂಥ ಸುಳ್ಳಿಗೂ ಸಾಕ್ಷಿ ನಿಲ್ಲುವಂಥದ್ದು. ನನ್ನ ಮುಂದಿದ್ದ ಬೆಳಗಿನ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿಯ ತಟ್ಟೆಯನ್ನು ಮೆಲ್ಲಗೆ ಸರಿಸಿಬಿಟ್ಟರು.

ತಂದೆ ನನ್ನನ್ನು ಮೂಲೆಗೆ ಕರೆದು, ಸಾವಿನ ಮನೆಯ ದನಿಯಲ್ಲಿ ಒಂದೇ ಪದ ಕೇಳಿದರು: "ಹೆರಿಡಿಟರಿ?"

ನಮ್ಮ ಗ್ಯಾಸ್ ಕನೆಕ್ಷನ್ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇದೆ. "ಎಸ್," ಎಂದೆ ಹೆಮ್ಮೆಯಿಂದ. "ಫ್ರಮ್ ಮೈ ಫಾದರ್."

"ಸುಮಾ ಆಲ್ಸೋ?"

"ಆಫ್ಟರ್ ಮ್ಯಾರೇಜ್, ಸೆಪರೇಟ್."

ಅವರ ಕಣ್ಣು ಬಾಗಿಲ ಬಳಿ ಬಿಟ್ಟ ಚಪ್ಪಲಿಗಳನ್ನು ಹುಡುಕತೊಡಗಿತು. ಅಕ್ಕನಿಗೆ ಇಂಗ್ಲಿಷು ಬರದು, ಚಪ್ಪಲಿಯ ಕಡೆಗಿನ ನೋಟ ಬರುತ್ತದೆ. "ಏನಂದ್ಯೋ ಅವರಿಗೆ?" ಎಂದು ನನ್ನ ತೋಳು ಜಗ್ಗಿದಳು.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಸುಮಾ ಹೊರಬಂದವಳೇ ಹುಡುಗನ ತಾಯಿಯ ಕೈ ಹಿಡಿದು ಅಡಿಗೆಮನೆಗೆ ಎಳೆದೊಯ್ದಳು. ಸಿಲಿಂಡರನ್ನು ಒಂದೇ ಕೈಯಲ್ಲಿ ಎತ್ತಿ ನೆಲಕ್ಕೆ ಕುಕ್ಕಿದಳು. ಠಣ್! ಆ ತಾಯಿ ಸೆರಗು ಬಾಯಿಗೊತ್ತಿ ನಕ್ಕ ನಗೆ ಬೀದಿಗೆ ಕೇಳಿಸಿತು.

"ಮಾವಾ, ನನ್ನ ಮದುವಿ ಆಗೋತನಕನಾದ್ರೂ ಇಂಗ್ಲಿಷ್ ಮಾತಾಡಬ್ಯಾಡ ನೀನು!" ಎಂದಳು ಸುಮಾ. ಹೋಳಿಗೆ ಪಕ್ಕದ ಮನೆಯ ಒಲೆಯ ಮೇಲೆ ಬೆಂದಿತು. ಮದುವೆಯೂ ಆಯಿತು.

ಚಿಂತೆ ಸಾಕೆನಿಸಿದ ಮೇಲೆ ಈಗ ಫೋನ್ ಮಾಡಿದೆ. "ಏನಾಗೇತವ್ವಾ? ಮನಿ ಉಳದೈತಿಲ್ಲೋ?"

"ಮನಿಗೇನಾಗೇತಿ? ನಿಮ್ಮ ಬೀಗರು, ಮಾವಾ," ಎಂದು ಪಿಸುಗುಟ್ಟಿದಳು. "ಅವ್ವ ಕಳಿಸಿದ ಹೋಳಿಗಿ ಒಬ್ಬರ ಕುಂತು ಮುಗಿಸ್ಯಾರ. ಹೊಟ್ಟಿ ತಮಟಿ ಆಗೇತಿ. ಅತ್ತಿ ಊರಾಗಿಲ್ಲ, ಅವ್ವ ಫೋನ್ ಎತ್ತವಲ್ಲಳು. ಮಜ್ಜಿಗಿಗೆ ಇಂಗು ಎಷ್ಟು ಹಾಕಲಿ?"

ಹೇಳಿದೆ. ಆಮೇಲೆ ಬೀಗರಿಗೆ ಸಾಂತ್ವನ ಬರೆಯಲು ಕೂತೆ. ಟ್ರಬಲ್, ಪ್ರಾಬ್ಲಂ, ಹಾರ್ಡ್‌ಶಿಪ್, ಒಂದರ ಮುಂದೆಯೂ ಈ ಸಲ ತಡವರಿಸಲಿಲ್ಲ. ಒಂದೇ ಪದ ಕಳಿಸಿದೆ:

"ಹೆರಿಡಿಟರಿ?"