ಅಕ್ಕ ಕಟ್ಟುತ್ತಿದ್ದ ಹೂ

ಆ ಹೂಗಳು ಹಳದಿ ಸೇವಂತಿಗೆಯೇ ಎಂದು ಆಣೆ ಮಾಡಿ ಹೇಳಲಾರೆ. ನೆನಪು ಹಳದಿ ಎನ್ನುತ್ತದೆ; ನಾನು ಬಿಡಿಸಿದ ಕ್ಯಾನ್ವಾಸಿನ ಮೇಲೆ ಅರ್ಧಕ್ಕರ್ಧ ಕೆಂಪಿದೆ. ಕ್ಯಾನ್ವಾಸನ್ನೂ ಪೂರ್ತಿ ನಂಬುವುದಿಲ್ಲ. ಆ ದಿನ ಕೈ ಸಿಕ್ಕ ಬಣ್ಣಕ್ಕೆ ಹೋಗಿತ್ತು.

ಖಚಿತವಾಗಿ ಗೊತ್ತಿರುವುದು ನನ್ನ ಹಟ ಮಾತ್ರ. ಸುರಪುರದಲ್ಲಿ ನಾನು ಕಲಿತದ್ದು ಕೂದಲೆಳೆಯಂಥ ಗೆರೆಯ ಚಿತ್ರ. ಮೊದಲು ಗೆರೆ, ಆಮೇಲೆ ಅದರೊಳಗೆ ಬಣ್ಣ. ಗೆರೆಯೇ ಇಲ್ಲದೆ, ಬರಿಯ ಬಣ್ಣದಲ್ಲಿ ಹೂವನ್ನು ನಿಲ್ಲಿಸಬೇಕೆಂದು ಹೊರಟರೆ ಪ್ರತಿ ಸಲವೂ ಕೈ ತಾನಾಗಿ ದಳದ ಅಂಚು ತಿದ್ದಲು ಓಡುತ್ತಿತ್ತು. ಹಾಗೆ ಕೆಟ್ಟ ಚಿತ್ರಗಳು ಗೋಡೆಗೆ ಮುಖ ಮಾಡಿ ನಿಂತಿದ್ದವು. ಈ ಸಲ ಬಾಗಿಲಿಗೆ ಬಣ್ಣ ಬಳಿಯುವ ಅಗಲ ಬ್ರಶ್ ಕೊಂಡು, ಶಹಾಪುರದ ಬಸ್ ನಿಲ್ದಾಣದ ಹತ್ತಿರ ಹೂ ಮಾರುವವಳ ಮುಂದೆ ನಿಂತೆ.

“ಎಷ್ಟು ಮೊಳ ಕೊಡ್ಲಿರಿ?” ಎಂದಳು.

“ಮಾಲಿ ಬ್ಯಾಡವ್ವಾ, ಬಿಡಿ ಹೂವ ಕೊಡು.”

“ಕಟ್ಟೋರು ಅದಾರೇನ್ರಿ ಮನ್ಯಾಗ?”

“ಕಟ್ಟಾಕಲ್ಲ, ನೋಡಾಕ.”

“ನೋಡಾಕಾದ್ರ ಇಲ್ಲೇ ನೋಡ್ರಿ, ಪುಕ್ಕಟೆ!” ಎಂದು ನಗುತ್ತಲೇ ತೂಗಿಕೊಟ್ಟಳು.

ಮಾಲೆಗೆಂದು ಕಿತ್ತ ಹೂವಿಗೆ ಕಾಂಡ ಇರುವುದಿಲ್ಲ, ಚೊಂಬಿನಲ್ಲಿಟ್ಟರೆ ಮುಳುಗುತ್ತದೆ. ಮನೆಗೆ ತಂದು ಹಿತ್ತಾಳೆಯ ಅಗಲ ಪರಾತದಲ್ಲಿ ರಾಶಿ ಹಾಕಿ, ಬಣ್ಣಕ್ಕೆ ನೀರು ತರಲು ಹಿತ್ತಲಿಗೆ ಹೋದೆ. ಬರುವಷ್ಟರಲ್ಲಿ, ವಡಗೇರಾದಿಂದ ಬಂದಿದ್ದ ಅಕ್ಕ ಪರಾತದ ಪಕ್ಕ ಕಾಲು ಚಾಚಿ ಕುಳಿತು, ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಹೂ ಕಟ್ಟುತ್ತಿದ್ದಳು.

“ಅಕ್ಕಾ, ಏನ್ ಮಾಡಾಕತ್ತಿ?”

“ಕಾಣ್ಸೂದಿಲ್ಲೇನು? ಸುಮ್ನ ಬಾಡಾಕತ್ತಿದ್ವು. ತಂದವಗ ಕಟ್ಟಾಕ ಬರೂದಿಲ್ಲ ಅಂತ ನಾನೇ ಕುಂತೀನಿ.”

ಬೈಯಲು ಬಾಯಿ ತೆರೆದವನು ರಾಶಿಯನ್ನು ನೋಡಿದೆ. ಅವಳ ಬೆರಳು ಬಂದುಹೋದಂತೆಲ್ಲ ಅದು ಕುಸಿಯುತ್ತಿತ್ತು, ಹೊರಳುತ್ತಿತ್ತು. ಅಂಚು ತಿದ್ದುವಷ್ಟು ಹೊತ್ತು ಯಾವ ಹೂವೂ ಅಲ್ಲಿ ಉಳಿಯುವಂತಿರಲಿಲ್ಲ.

“ಏಳಬ್ಯಾಡ. ಕಟ್ಟು. ನಿಲ್ಲಿಸಬ್ಯಾಡ.”

“ಹುಚ್ಚು ಹಿಡದೈತೇನ ತಮ್ಮಾ ನಿನಗ?”

ಅವಳು ಎತ್ತಿಕೊಳ್ಳುವ ಮೊದಲೇ ಹೂವನ್ನು ಹಿಡಿಯಬೇಕಿತ್ತು. ಬ್ರಶ್ ಒತ್ತಿದೆ, ತಿರುವಿದೆ, ಎಳೆದು ಬಿಟ್ಟೆ. ತಪ್ಪಿದ್ದರ ಮೇಲೆ ಮತ್ತೊಂದು ಬಳಿದೆ. ಪರಾತ ಬರಿದಾದಾಗ ಕ್ಯಾನ್ವಾಸಿನ ಒಂದು ಮೂಲೆ ಬೆಳ್ಳಗೆ ಉಳಿದಿತ್ತು. ನೆನಪಿನಿಂದ ತುಂಬಬಹುದಿತ್ತು, ತುಂಬಲಿಲ್ಲ. ಉಳಿದ ಕಡೆ ಎಲ್ಲೂ ಗೆರೆ ಇರಲಿಲ್ಲ, ಹೂಗಳಿದ್ದವು.

“ನಾಳೆ ಮತ್ತ ತರ್ತೀನಿ, ಅಕ್ಕಾ. ನೀನೇ ಕಟ್ಟಬೇಕು.”

“ದಿನಾ ಇಷ್ಟುದ್ದ ಮಾಲಿ ಯಾರ ಕೊಳ್ಳಾಗ ಹಾಕ್ಲಿ?”

ನಾನು ಹೊಸ ಚೌಕಟ್ಟಿಗೆ ಬಟ್ಟೆ ಬಿಗಿದು ಮೊಳೆ ಹೊಡೆಯತೊಡಗಿದೆ.