ತೀರ್ಥಹಳ್ಳಿಯ ಗರಗಸಕ್ಕೆ ಬೆಲೆ ಕಟ್ಟಿದ ಪ್ರಯಾಣ

ಉಳಿ ಹಿಡಿಯುವ ಮನೆಯಲ್ಲಿ ಡಿಗ್ರಿ ಹಿಡಿಯುವವರು ಹುಟ್ಟುವುದಿಲ್ಲ ಎಂದು ಹೇಳಿದವರು ನನ್ನ ಸೋದರಮಾವ ಶೇಷಾಚಾರ್ರು. ನಾನು ಎಸ್.ಎಸ್.ಎಲ್.ಸಿ. ಪಾಸಾದ ದಿನ, ಸಾಗರದ ತಮ್ಮ ಮರಗೆಲಸದ ಅಂಗಡಿಯ ಮುಂದೆ ನಿಂತು, ದಾರಿಯಲ್ಲಿ ಹೋಗುವವರಿಗೂ ಕೇಳುವಂತೆ ಹೇಳಿದ್ದರು: "ಕಾಲೇಜಂತೆ ಕಾಲೇಜು! ಆಗೋ ಮಾತಲ್ಲ ಅದು. ನಾಳೆಯಿಂದ ಬಂದು ಕೀಸುಳಿ ಹಿಡಿ."

ನಾನು ಹಿಡಿಯಲಿಲ್ಲ. ಶಿವಮೊಗ್ಗೆಗೆ ಹೋದೆ. ಅಲ್ಲಿ ಒಂದು ತರಬೇತಿ ಶಾಲೆಯ ಮರಗೆಲಸದ ಶೆಡ್ಡಿನಲ್ಲಿ ಸಂಜೆ ಹೊಟ್ಟು ಗುಡಿಸಿ, ಯಂತ್ರಗಳನ್ನು ಒರೆಸಿ, ಆ ದುಡ್ಡಿನಲ್ಲಿ ಹಾಸ್ಟೆಲಿನ ಊಟಕ್ಕೆ ಕಟ್ಟಿ, ನಡುವೆ ಒಂದು ವರ್ಷ ಗಣಿತದಲ್ಲಿ ಫೇಲಾಗಿ, ಕೊನೆಗೆ ಬಿ.ಎಸ್ಸಿ. ಆದೆ. ನಮ್ಮ ಕಡೆ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಾಗರದಲ್ಲೇ ಹೈಸ್ಕೂಲು ಮೇಷ್ಟ್ರ ಕೆಲಸವೂ ಸಿಕ್ಕಿತು. ಆದರೆ ಮಾವನ ಬಾಯಲ್ಲಿ ಬಿ.ಎಸ್ಸಿ. ಎಂಬ ಮಾತು ಒಂದು ದಿನವೂ ಬರಲಿಲ್ಲ. ಹೇಳಲೇಬೇಕಾದಾಗ "ನಿನ್ನ ಆ ಓದು" ಎನ್ನುತ್ತಿದ್ದರು.

ಆ ವರ್ಷಗಳಲ್ಲಿ ಶರಾವತಿಯ ಅಣೆಕಟ್ಟಿನ ನೀರು ನಿಂತು ಊರು ಬಿಟ್ಟವರು ಅಲ್ಲಲ್ಲಿ ಹೊಸ ಮನೆ ಕಟ್ಟಿಕೊಳ್ಳುತ್ತಿದ್ದರು. ಬಾಗಿಲು, ಕಿಟಕಿ, ತೊಲೆ ಎಂದು ಮಾವನಿಗೆ ಕೈತುಂಬ ಕೆಲಸ. ಆದರೆ ಮರ ಕೊಯ್ಯುವ ಆಳುಗಳೆಲ್ಲ ಅಣೆಕಟ್ಟಿನ ಕೂಲಿಗೆ ಹೋಗಿದ್ದರು. ತಾವೇ ಕೊಯ್ಯೋಣವೆಂದರೆ ಮಾವನ ಬಲಭುಜ ಏಳುತ್ತಿರಲಿಲ್ಲ. ಮಳೆಗಾಲದೊಳಗೆ ಮರ ಕೊಯ್ಯುವ ಮೆಷಿನ್ನು ಬರಲಿಲ್ಲವೆಂದರೆ ಅಂಗಡಿ ಮುಚ್ಚಿ ಇನ್ನೊಬ್ಬರ ಹತ್ತಿರ ಕೂಲಿಗೆ ನಿಲ್ಲಬೇಕಿತ್ತು. ಅಷ್ಟರಲ್ಲಿ ತೀರ್ಥಹಳ್ಳಿಯಲ್ಲಿ ಒಂದು ವಿಲಾಯತಿ ಗರಗಸ ಮಾರಾಟಕ್ಕಿದೆ ಎಂಬ ಸುದ್ದಿ ಬಂತು. ಬೀಡುಕಬ್ಬಿಣದ ಮೇಜು, ಅದರ ಕೆಳಗಿನ ಕಬ್ಬಿಣದ ಪೆಟ್ಟಿಗೆಯೊಳಗೆ ಮೋಟಾರು, ಮೇಜಿನ ನಡುವಿನ ಸೀಳಿನಿಂದ ಮೇಲೆದ್ದು ತಿರುಗುವ ಹಲ್ಲಿನ ಚಕ್ರ. ಹೊಸದಕ್ಕೆ ಮೂರು ಸಾವಿರ. ಇದಕ್ಕೆ ಕೇಳಿದ್ದು ಒಂಬೈನೂರು.

"ಒಂಬೈನೂರು ಅಂದ್ರೆ ಎಂತದೋ ಅದೆ ಅದ್ರಲ್ಲಿ," ಎಂದರು ಮಾವ. "ನೀನೂ ಬಾ. ಮೆಷಿನ್ ಒರೆಸಿದವನಲ್ವಾ ನೀನು."

ಓದಿದವನಲ್ವಾ ಎನ್ನಲಿಲ್ಲ. ಆದರೂ ಹೊರಟೆ.

ಶಿವರಾತ್ರಿಗೆ ಮುಂಚಿನ ಒಂದು ಶನಿವಾರ ಬೆಳಗಿನ ಬಸ್ಸಿಗೆ ಸಾಗರ ಬಿಟ್ಟೆವು. ಹೊಸನಗರಕ್ಕೆ ಇಪ್ಪತ್ತು ಮೈಲಿಯ ಹತ್ತಿರ, ಟಿಕೆಟ್ಟು ಒಂದೂಕಾಲು ರೂಪಾಯಿ. ಮಂಜು ಇನ್ನೂ ಬಿಟ್ಟಿರಲಿಲ್ಲ. ಬಟ್ಟೆಮಲ್ಲಪ್ಪ ಎಂಬ ಊರು ದಾಟುವ ಹೊತ್ತಿಗೆ ಮಂಜು ಹೋಗಿ ಕೆಂಪು ಧೂಳು ಬಂತು. ಮಾವ ಒಳಜೇಬಿನಲ್ಲಿ ಹನ್ನೆರಡು ನೂರು ರೂಪಾಯಿ ಇಟ್ಟು ಮೇಲಿನಿಂದ ಸೂಜಿಯಲ್ಲಿ ಹೊಲಿಸಿಕೊಂಡಿದ್ದರು. ಬಸ್ಸು ಕುಲುಕಿದಾಗಲೆಲ್ಲ ಅಲ್ಲಿ ಕೈ ಇಟ್ಟು ನೋಡುತ್ತಿದ್ದರು.

ಹೊಸನಗರದಲ್ಲಿ ಮುಂದಿನ ಬಸ್ಸಿಗೆ ಒಂದು ಗಂಟೆ ಕಾಯಬೇಕಿತ್ತು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮೊಸರವಲಕ್ಕಿ ತಿಂದೆವು, ಚೆನ್ನಾಗಿತ್ತು. ಕಾಫಿ ತಂದಿಟ್ಟ ಹೋಟೆಲಿನ ಯಜಮಾನರು ಎಲ್ಲಿಗೆ ಪ್ರಯಾಣ ಎಂದು ಕೇಳಿದರು. ಮಾವ ಹೇಳಿದರು. ಅವರು ಹೆಗಲ ಮೇಲಿನ ಬಟ್ಟೆ ತೆಗೆದು ಬೆಂಚಿನ ಮೇಲೆ ಕೂತೇಬಿಟ್ಟರು.

"ಆ ಮೆಷಿನ್ನಾ? ಮಾರಾಯ್ರೆ, ಅದು ಚೌಡಿ ಬನದ ಮರ ಕೊಯ್ದ ಮೆಷಿನ್ನು. ಕೊಯ್ದವನ ಎರಡು ಬೆರಳು ತಿಂದದೆ. ಚೌಡಿ ಅದ್ರೊಳಗೇ ಕೂತಾಳೆ ಅಂತಾರೆ. ನಮ್ಮೂರಿಂದ ಇಬ್ರು ನೋಡಕ್ಕೆ ಹೋದವ್ರು ಮುಟ್ಟದೆ ವಾಪಸ್ ಬಂದ್ರು."

ಚೌಡಿ ಎಂದರೆ ನಮ್ಮ ಕಡೆ ಕಾಡು ಕಾಯುವ ದೇವತೆ, ಅವಳ ಬನದಲ್ಲಿ ಯಾರೂ ಕಡ್ಡಿ ಮುರಿಯುವುದಿಲ್ಲ. ಮಾವ ಕಾಫಿ ಲೋಟ ದೂಡಿದರು. "ಸಾಗರದ ಬಸ್ಸು ಎಷ್ಟೊತ್ತಿಗೆ?"

"ಮಾವ, ಬೆಲೆ ಯಾಕೆ ಕಮ್ಮಿ ಅಂತ ಗೊತ್ತಾಯ್ತಲ್ಲ. ಈಗ ಅದು ನಿಜವಾ ಅಂತ ಹೋಗಿ ನೋಡೋಣ."

"ನಿಜ ಆದ್ರೆ?"

"ತುಂಗೆಯಲ್ಲಿ ಮಿಂದು ವಾಪಸ್ ಬರೋಣ."

"ನಿಂಗೆಂತ? ಬೆರಳು ನಂದಲ್ವಾ ಹೋಗೋದು!" ಎಂದರು. ಆದರೂ ತೀರ್ಥಹಳ್ಳಿಯ ಬಸ್ಸು ಬಂದಾಗ ನನಗಿಂತ ಮೊದಲು ಹತ್ತಿದರು. ಭುಜ ಅಷ್ಟು ನೋಯುತ್ತಿತ್ತು ಎಂದು ಕಾಣುತ್ತದೆ. ರಿಪ್ಪನ್‌ಪೇಟೆ, ಕೋಣಂದೂರು ಕಳೆಯುವವರೆಗೂ ಬಲಗೈಯ ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಿದ್ದರು.

ತೀರ್ಥಹಳ್ಳಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಸೇತುವೆಯ ಕೆಳಗೆ ತುಂಗೆ ಬಂಡೆಗಳ ನಡುವೆ ಸಣ್ಣಗಾಗಿ ಹರಿಯುತ್ತಿದ್ದಳು. ಸೇತುವೆ ದಾಟಿ ಸ್ವಲ್ಪ ನಡೆದರೆ ಮೆಷಿನ್ನಿನ ಒಡೆಯ ಮಂಜಪ್ಪಾಚಾರ್ರ ಮನೆ, ಹಿತ್ತಲಲ್ಲಿ ಕೆಲಸದ ಶೆಡ್ಡು. ಮಾವನ ವಯಸ್ಸಿನವರೇ. ಬಲಗೈಯ ಕೊನೆಯ ಎರಡು ಬೆರಳು ಇರಲಿಲ್ಲ. ಉಳಿದ ಮೂರರಲ್ಲಿ ನಮಸ್ಕಾರ ಮಾಡಿ, "ಬನ್ನಿ ಬನ್ನಿ, ಆಸ್ರಿಗೆ ಎಂತ ಕೊಡ್ಲಿ?" ಎಂದರು. ಬಾಯಾರಿಕೆಗೆ ಮಜ್ಜಿಗೆ ಬಂತು. ಮಾವ ನನ್ನನ್ನು ತಮ್ಮ ಅಳಿಯ, ಮೇಷ್ಟ್ರು ಎಂದಷ್ಟೇ ಪರಿಚಯಿಸಿದರು.

ಮೆಷಿನ್ನಿನ ಮೇಲೆ ಗೋಣಿ ಹೊದೆಸಿತ್ತು. ಗೋಣಿಯ ಮೇಲೆ ಒಣಗಿದ ಹೂವು, ಕುಂಕುಮ. ಮಾವ ದೂರದಿಂದಲೇ ಕೈಮುಗಿದರು. ಆದರೆ ಗೋಣಿ ತೆಗೆದು ಆ ಮೇಜು ಕಂಡದ್ದೇ ಕೈ ಸುಮ್ಮನಿರಲಿಲ್ಲ. ಮೂಲೆಯಿಂದ ಮೂಲೆಗೆ ದಾರ ಎಳೆದು ಹಿಡಿದು ನೋಡಿದರು. ಎಲ್ಲೂ ತಗ್ಗಿಲ್ಲ. ನಾನು ಚಕ್ರದ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಅದನ್ನು ಮುಂದೆ ಒಮ್ಮೆ ಹಿಂದೆ ಒಮ್ಮೆ ತಂದು, ಮೇಜಿನ ಉದ್ದಕ್ಕೂ ಕೊರೆದ ಗಾಡಿಯಿಂದ ಎಷ್ಟು ದೂರವೆಂದು ಸ್ಕೇಲಿನಲ್ಲಿ ಅಳೆದೆ. ಎರಡೂ ಕಡೆ ಒಂದೇ, ಚಕ್ರ ಓರೆಯಾಗಿಲ್ಲ. ಸ್ವಿಚ್ಚು ಹಾಕಿಸಿ ಮಾವ ಪೆಟ್ಟಿಗೆಗೆ ಕಿವಿಯಿಟ್ಟರು. "ಬೇರಿಂಗ್ ಸ್ವಲ್ಪ ಗೊಣಗ್ತದೆ. ನಿಮ್ಮತ್ತೆಯಷ್ಟಲ್ಲ," ಎಂದರು ನನಗೆ ಮಾತ್ರ ಕೇಳುವಂತೆ.

ಯಂತ್ರದಲ್ಲಿ ಕುಂದಿರಲಿಲ್ಲ. ಆದ್ದರಿಂದಲೇ ಹೆದರಿಕೆ ಹೆಚ್ಚಾಯಿತು.

ನಾವು ಕೇಳುವ ಮೊದಲೇ ಮಂಜಪ್ಪಾಚಾರ್ರು ಹೇಳಿದರು. "ಕೇಳಿರ್ತೀರಿ ನೀವು. ಸುಳ್ಳು ಹೇಳಿ ಮಾರಲ್ಲ ನಾನು. ಹೆಬ್ಬಲಸಿನ ದಿಮ್ಮಿ ಅದು, ಹಸೀದು. ಕಂಟ್ರಾಕ್ಟ್ರು ತಂದ್ಹಾಕಿದ್ದ. ಚೌಡಿ ಬನದ್ದು ಅಂತ ಆಮೇಲೆ ಗೊತ್ತಾಯ್ತು. ಹಲಗೆ ಅರ್ಧ ಸೀಳಿತ್ತು ನೋಡಿ, ಯಾರೋ ಒದ್ದಂಗೆ ನನ್ನ ಕಡೆಗೇ ಎಗರ್ತು. ಕೈ ಒಳಗೆ ಹೋಯ್ತು. ಅವತ್ತಿಂದ ಮೆಷಿನ್ ಮಾತ್ರ ಅಲ್ಲ, ನನ್ನನ್ನೂ ಯಾರೂ ಕರೆಯಲ್ಲ. ಚೌಡಿ ಮುನಿದ ಆಚಾರಿ ಕೈಲಿ ಯಾರು ಬಾಗಿಲು ಮಾಡಿಸ್ತಾರೆ?"

ಮಾವ ನನ್ನ ಮುಖ ನೋಡಿದರು. ನಾನು ಇನ್ನೊಮ್ಮೆ ಚಕ್ರದ ಮುಂದೆ ಬಗ್ಗಿ ನೋಡಿದೆ.

ಆಗ ಜಗಲಿಯ ಕಡೆಯಿಂದ ಠಣ್ ಠಣ್ ಎಂದು ಸದ್ದಾಯಿತು. ಊಟಕ್ಕೆ ಕರೆ. ಹೋಗಿ ನೋಡಿದರೆ ಆಚಾರ್ರ ಹೆಂಡತಿ ಸೂರಿನ ಪಕಾಸಿಗೆ ನೇತುಹಾಕಿದ ಒಂದು ಉಕ್ಕಿನ ತಗಡಿಗೆ ಸಟ್ಟುಗದಲ್ಲಿ ಹೊಡೆಯುತ್ತಿದ್ದರು. ಅಂಗೈಯಗಲ, ಬೆನ್ನು ಬಾಗಿದ ತಗಡು, ಬುಡದಲ್ಲಿ ಬೋಲ್ಟು ಕೂರುವ ಉದ್ದನೆಯ ಸೀಳು. ನಾನು ಅಲ್ಲೇ ನಿಂತೆ. ಶಿವಮೊಗ್ಗೆಯ ಶೆಡ್ಡಿನಲ್ಲಿ ಅಂಥದೊಂದನ್ನು ಮೂರು ವರ್ಷ ಎಣ್ಣೆಬಟ್ಟೆಯಲ್ಲಿ ಒರೆಸಿದ್ದೆ. ಚಕ್ರದ ಬೆನ್ನಿಗೇ ನಿಲ್ಲುವ ತಗಡು ಅದು. ನನ್ನ ಬಿ.ಎಸ್ಸಿ.ಯಲ್ಲಿ ಅದರ ಪಾಠವಿರಲಿಲ್ಲ, ಬಿ.ಎಸ್ಸಿ.ಗಾಗಿ ಮಾಡಿದ ಚಾಕರಿಯಲ್ಲಿತ್ತು.

"ಇದು ಎಲ್ಲಿಂದ ಬಂತು?"

"ಮೆಷಿನ್ ಬಂದಾಗ ಅದಕ್ಕೇ ಕಚ್ಚಿಸಿದ್ರು," ಎಂದರು ಆಚಾರ್ರು. "ದಾರೀಲಿ ಚಕ್ರ ಅಲ್ಲಾಡಬಾರ್ದು ಅಂತ ಹಾಕಿದ್ದು ಅಂದ್ಕಂಡೆ. ಬಿಚ್ಚಿದೆ. ಸದ್ದು ಚೆನ್ನಾಗಿತ್ತು, ಇವಳು ನೇತುಹಾಕಿದ್ಲು."

ಬೆರಳು ಹೋದದ್ದು ಯಾಕೆಂದು ನನಗೆ ಗೊತ್ತಾಗಿಹೋಯಿತು. ಹೇಳಿದರೆ, ಬೆರಳು ಹೋದದ್ದು ನಿಮ್ಮ ಕೈಯಿಂದಲೇ ಎಂದು ಅವರ ಮನೆಯ ಜಗಲಿಯಲ್ಲೇ ನಿಂತು ಹೇಳಿದಂತೆ. ಹೇಳದಿದ್ದರೆ ಸಾಯುವವರೆಗೂ ಚೌಡಿಯ ಭಯ. ಕೊನೆಗೆ, "ಇದು ಚಕ್ರದ ಹಿಂದೆ ಸೀಳಿನೊಳಗೆ ನಿಲ್ಲಬೇಕು ಆಚಾರ್ರೆ. ಹಸಿ ಮರ ಸೀಳಿದ ಮೇಲೆ ಮುಚ್ಚಿಕೊಂಡು ಚಕ್ರವನ್ನು ಕಚ್ಚಬಾರದು ಅಂತ. ಕಚ್ಚಿದರೆ ಹಲಗೆ ದೂಡುವವರ ಕಡೆಗೇ ಎಗರಿ..." ಎನ್ನುವಷ್ಟರಲ್ಲಿ ಮಾವ ಕೂಗಿದರು:

"ಬೆಣೆ!"

ಕೈಗರಗಸದಲ್ಲಿ ದಿಮ್ಮಿ ಕೊಯ್ಯುವವರು ಸೀಳು ಮುಚ್ಚದಿರಲೆಂದು ಹಿಂದಿನಿಂದ ಬೆಣೆ ಹೊಡೆದುಕೊಂಡೇ ಹೋಗುತ್ತಾರೆ. ಮಾವ, ಆಚಾರ್ರು ಇಬ್ಬರೂ ಸಾವಿರ ಸಲ ಹೊಡೆದವರು. ಮಂಜಪ್ಪಾಚಾರ್ರು ತಗಡನ್ನು ಹಗ್ಗದಿಂದ ಬಿಚ್ಚಿ, ಮೂರು ಬೆರಳಲ್ಲಿ ಹಿಡಿದು, ತಿರುಗಿಸಿ ನೋಡಿದರು.

"ಬೆಣೆ ಬಿಚ್ಚಿ ಊಟದ ಗಂಟೆ ಮಾಡ್ಕಂಡೆ ನಾನು," ಎಂದರು. ಆಮೇಲೆ ಕೇಳಿದರು: "ಹಂಗಾದ್ರೆ ಚೌಡಿಗೆ ನನ್ನ ಮೇಲೆ ಸಿಟ್ಟಿಲ್ಲ ಅಂತಾಯ್ತಲ್ವಾ ಮೇಷ್ಟ್ರೆ?"

"ಇಲ್ಲ," ಎಂದೆ.

ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಮತ್ತೆ ನಾ ವರ್ಷಾ ವರ್ಷಾ ಹಣ್ಣುಕಾಯಿ ಮಾಡ್ಸಿದ್ದು ದಂಡವಾ?"

"ದಂಡ ಎಂತಕ್ಕೆ ಅಕ್ಕ?" ಎಂದರು ಮಾವ. "ಇನ್ನೂ ಎಂಟು ಬೆರಳು ಉಳಿಸಿಕೊಟ್ಟಾಳಲ್ಲ."

ಅಳುತ್ತಿದ್ದವರು ನಕ್ಕುಬಿಟ್ಟರು. ಹುರುಳಿ ಸಾರು, ಹಲಸಿನ ಹಪ್ಪಳದ ಊಟವಾಯಿತು. ಊಟದ ಮೇಲೆ ತಗಡನ್ನು ಉಜ್ಜಿ ಅದರ ಜಾಗದಲ್ಲಿ ಕೂರಿಸಿದೆವು. ಹಸಿ ಹಲಸಿನ ಹಲಗೆಯೊಂದು ಸಿಕ್ಕಿತು. ನಾನು ಕೈ ಹಾಕಿದಾಗ ಆಚಾರ್ರು, "ನೀವು ಸರೀರಿ ಮೇಷ್ಟ್ರೆ, ನಾ ದೂಡ್ತೀನಿ," ಎಂದರು. ಎಡಗೈಯನ್ನೂ ಸೇರಿಸಿ ಹಲಗೆ ಹಿಡಿದರು. ಅದನ್ನು ನಿಧಾನವಾಗಿ ಚಕ್ರಕ್ಕೆ ಕೊಟ್ಟರು. ಸೀಳು ಹಿಂದೆ ಮುಚ್ಚಿಕೊಳ್ಳಲು ಬಂದು, ತಗಡನ್ನು ಒತ್ತಿ ಹಿಡಿದು, ಸುಮ್ಮನಾಯಿತು. ಹಲಗೆ ಎರಡಾಗಿ ಆಚೆಗೆ ಬಿತ್ತು. ಅವರ ಹೆಂಡತಿ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು.

ಇನ್ನು ಬೆಲೆ. ಆಚಾರ್ರು ಒಂಬೈನೂರಕ್ಕೇ ಅಂಟಿಕೊಂಡರು. ಮಾವ ಒಪ್ಪಲಿಲ್ಲ. "ಅದು ಚೌಡಿ ಒಳಗಿದ್ದಾಗಿನ ಬೆಲೆ. ಅವಳು ಎದ್ದು ಹೋದ್ಮೇಲೂ ಅಷ್ಟೇ ಅಂದ್ರೆ ಹೆಂಗೆ? ಅಳಿಯ, ನ್ಯಾಯವಾಗಿ ಎಷ್ಟು, ನೀ ಹೇಳು."

ಅವರ ಜೇಬಿನಲ್ಲಿ ಎಷ್ಟಿದೆ ಎಂದು ನನಗೆ ಗೊತ್ತಿತ್ತು. ಆದರೂ ಇದ್ದದ್ದನ್ನೇ ಹೇಳಿದೆ. ಬೇರಿಂಗು ಹಳೆಯದು, ಚಕ್ರ ಒಂದೇ ಇದೆ, ಅದನ್ನೆಲ್ಲ ಕಳೆದರೆ ಹದಿನೈದು ನೂರು. ಮಾವನ ಮುಖ ಇಳಿಯಿತು. ಹೊಲಿಗೆ ಬಿಚ್ಚಿ ನೋಟುಗಳನ್ನು ಮೇಜಿನ ಮೇಲಿಟ್ಟರು. "ಇರೋದೇ ಇಷ್ಟು ಆಚಾರ್ರೆ. ಉಳಿದದ್ದು ದೀಪಾವಳಿಗೆ..."

"ಉಳಿದದ್ದು ಬೇಡ," ಎಂದರು ಮಂಜಪ್ಪಾಚಾರ್ರು. "ಅದ್ರ ಬದ್ಲು ಮೇಷ್ಟ್ರು ಒಂದು ಸರ್ಟಿಫಿಕೇಟು ಬರ್ಕೊಡ್ಲಿ. ಮೆಷಿನ್ನಿನೊಳಗೆ ಯಾರೂ ಕೂತಿಲ್ಲ, ನನ್ನ ಕೈಯಲ್ಲೂ ದೋಷ ಇಲ್ಲ ಅಂತ. ನಾ ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ಓದಿದವ್ರು ಸೈನ್ ಹಾಕಿದ್ರೆ ನಾಲ್ಕು ಜನ ನಂಬ್ತಾರೆ."

ರಾತ್ರಿ ಅಲ್ಲೇ ಉಳಿದೆವು. ಮರುದಿನ ಸಾಗರದ ಕಡೆ ಹೋಗುವ ಲಾರಿಯೊಂದು ಸಿಕ್ಕಿತು. ಮೆಷಿನ್ನು ಏರಿಸಿ ಕಟ್ಟಿದ ಮೇಲೆ ಮಾವ ಲಾರಿಯ ಗಾಲಿಗೆ ತೆಂಗಿನಕಾಯಿ ಒಡೆದು ಚೌಡಿಗೆ ಕೈಮುಗಿದರು. ಹೋಳು ಆರಿಸಿದವನು ನಾನೇ. ಆಮೇಲೆ ಬಾನೆಟ್ಟಿನ ಮೇಲೆ ಕಾಗದವಿಟ್ಟು, ರಾತ್ರಿಯೆಲ್ಲ ಮನಸ್ಸಿನಲ್ಲಿ ತಿದ್ದಿದ್ದನ್ನು ಬರೆದೆ. ಯಂತ್ರವನ್ನು ನೋಡಿದ್ದೇನೆ, ಓಡಿಸಿದ್ದೇನೆ, ಅದರಲ್ಲಿ ದೋಷವಿಲ್ಲ. ಅಪಘಾತವಾದದ್ದು ಒಂದು ತಗಡು ಜಾಗದಲ್ಲಿ ಇಲ್ಲದ್ದರಿಂದ. ಶ್ರೀ ಮಂಜಪ್ಪಾಚಾರ್ರು ನನ್ನ ಕಣ್ಣೆದುರು ಹಸಿ ಹಲಸನ್ನು ಗೆರೆ ತಪ್ಪದೆ ಸೀಳಿದರು. ಕೆಳಗೆ ಹೆಸರು, ಹೆಸರಿನ ಮುಂದೆ ಬಿ.ಎಸ್ಸಿ. ನಾನು ಕೊಟ್ಟ ಮೊದಲ ಸರ್ಟಿಫಿಕೇಟು ಅದು.

ಗಟ್ಟಿಯಾಗಿ ಓದಿ ಹೇಳಿ ಕೈಗೆ ಕೊಟ್ಟೆ. ಓದಲು ಬಾರದ ಆಚಾರ್ರು, ಮಾವ ಇಬ್ಬರೂ ತಲೆ ಸೇರಿಸಿ ಅದನ್ನು ನೋಡಿದರು. ನಾವಿಬ್ಬರೂ ಹತ್ತಿದೆವು, ಲಾರಿ ಹೊರಟಿತು. ಆಚಾರ್ರು ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಲು ಹೊರಟದ್ದು ಕಂಡು ಮಾವ ನೋಯುವ ಭುಜವನ್ನೂ ಲೆಕ್ಕಿಸದೆ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದರು:

"ಮಡಚಬೇಡಿ ಮಾರಾಯ್ರೆ! ನಮ್ಮನೆ ಬಿ.ಎಸ್ಸಿ. ಬರ್ದಿದ್ದು ಅದು!"