ಬ್ಲೇಜರಿನ ಜೊತೆ ಬಿಟ್ಟಿ ಬಂದ ಫೋಟೊ

ಅರವತ್ತು ಡಾಲರ್ ಕೊಟ್ಟೆ. ಅಷ್ಟು ಅಗ್ಗಕ್ಕೆ ಸಿಕ್ಕಿದ್ದು ಏಕೆಂದರೆ — ಎಂಬತ್ತೆರಡು ವರ್ಷದ ಒಬ್ಬ ಮಗಳಿಗೆ, ನಿಮ್ಮಪ್ಪ ಸುಳ್ಳುಗಾರ ಎಂದು ನಾನು ನಂಬಿಸಿದೆ.

ಹಳೆಯ ಸಾಮಾನು ಕೊಂಡು ಮಾರುವುದು ನನ್ನ ಕಸುಬು. ಕೋವಿಡ್ ಲಸಿಕೆ ಬಂದ ವರ್ಷ, ಅಮೆರಿಕದ ಎಲಿಕಾಟ್ ಸಿಟಿಯಲ್ಲಿದ್ದ ಧಾರವಾಡದ ಗಂಗಕ್ಕ ಆಂಟಿ ಮನೆ ಖಾಲಿ ಮಾಡುತ್ತಿದ್ದರು. ಅವರ ತಂದೆ ಬ್ರಿಟಿಷರ ಕಾಲದಲ್ಲಿ ಹಡಗು ಹತ್ತಿ ಒಲಿಂಪಿಕ್ಸಿಗೆ ಹೋದವರು. ಒಂದೇ ಕೂಟದಲ್ಲಿ ಓಟಕ್ಕೂ ಇಳಿದು, ಕುಸ್ತಿಗೂ ಇಳಿದವರು. ಆ ಒಲಿಂಪಿಕ್ಸಿನ ಬ್ಲೇಜರನ್ನು ಆಂಟಿ ಮಂಚದ ಮೇಲೆ ಹರವಿ, "ನಮ್ಮವರು ಸಿಕ್ಕಿರಿ, ಪುಣ್ಯಾ. ಹೊರಗಿನವರಿಗೆ ತೋರಿಸಿದ್ರ ಮೋಸ ಮಾಡ್ತಾರ," ಅಂದರು.

ಒಳಗೆ ಬರುವ ಮೊದಲೇ ಕಾರಿನಲ್ಲಿ ಕುಳಿತು ಫೋನಿನಲ್ಲಿ ಆ ಕೂಟದ ಆಟಗಾರರ ಪಟ್ಟಿ ನೋಡಿದ್ದೆ. ಅವರ ಹೆಸರಿತ್ತು — ಎರಡೂ ಆಟಗಳಲ್ಲಿ.

ಕೊಳ್ಳುವವನು ಮೊದಲು ಹುಳುಕು ತೋರಿಸಬೇಕು. ಬಟ್ಟೆಯಲ್ಲಿ ಹುಳುಕಿರಲಿಲ್ಲ. ಮನುಷ್ಯನಲ್ಲಿ ತೋರಿಸಿದೆ.

"ಬೇಜಾರ್ ಮಾಡ್ಕೋಬೇಡಿ ಆಂಟಿ. ಚೆಕ್ ಮಾಡ್ದೆ, ಲಿಸ್ಟಲ್ಲಿ ಅವರ ಹೆಸರಿಲ್ಲ. ಇಂಥ ಬ್ಲೇಜರ್ ಆಗ ಯಾರ್ ಬೇಕಾದ್ರೂ ಹೊಲಿಸ್ಕೋತಿದ್ರು."

"ಎರಡರಾಗೂ ಇಲ್ಲೇನು?"

"ಒಂದ್ರಲ್ಲೂ ಇಲ್ಲ."

ಜಗಳಾಡುತ್ತಾರೆ, ಆಮೇಲೆ ನಾನು ಬೆಲೆ ಒಂದಿಷ್ಟು ಏರಿಸಿದರಾಯಿತು — ಹಾಗೆಂದುಕೊಂಡಿದ್ದೆ. ಆಂಟಿ ಜಗಳಾಡಲಿಲ್ಲ. ಮಂಚದಂಚಿಗೆ ಕುಳಿತರು.

"ಅಪ್ಪನ ಕಥಿ ಹೇಳಿ ಹೇಳೇ ಮಕ್ಕಳಿಗೆ ಉಣಿಸೇನಿ ನಾ," ಅಂದರು. ಎದ್ದು ಗೋಡೆಯಿಂದ ಫೋಟೊ ಇಳಿಸಿದರು: ಅದೇ ಬ್ಲೇಜರ್ ತೊಟ್ಟು ಅವರಪ್ಪ ಹಡಗಿನ ಮೇಲೆ ನಿಂತದ್ದು. "ಇದನ್ನೂ ಒಯ್ಯಪಾ. ಇದಕ್ಕ ರೊಕ್ಕ ಬ್ಯಾಡ."

ಒಯ್ದೆ. ಬ್ಲೇಜರ್ ಅಸಲಿ ಎಂದು ಅಟ್ಲಾಂಟಾದ ಗಿರಾಕಿ ನಂಬಿದ್ದೇ ಆ ಫೋಟೊ ನೋಡಿ.

ಮೂರು ವರ್ಷ ಅವರ ನಂಬರ್ ನನ್ನ ಬಳಿ ಇತ್ತು. 'ನೋಡುವಾಗ ತಪ್ಪಾಯಿತು ಆಂಟಿ, ಹೆಸರಿದೆ' — ಇಷ್ಟೇ ಸಾಕಿತ್ತು. ಕಳ್ಳನೆಂದು ಒಪ್ಪಿಕೊಳ್ಳುವುದೂ ಬೇಕಿರಲಿಲ್ಲ. ಆದರೂ —

ಈ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಅಂತ್ಯಕ್ರಿಯೆಗೆ ಹೋಗಿದ್ದೆ. ನಾನು ಮುತ್ತಜ್ಜನ ವಿಷಯ ತೆಗೆದಾಗ ಆಂಟಿಯ ಮೊಮ್ಮಗಳು ಅಂದಳು: "ಓ, ದಟ್ ವಾಸ್ ಜಸ್ಟ್ ಎ ಸ್ಟೋರಿ ಅಂಕಲ್. ಅಜ್ಜಿನೇ ಹೇಳಿದ್ರು, ಅವರು ಲೈ ಮಾಡಿದ್ರು ಅಂತ."

ತಲೆಯಾಡಿಸಿದೆ. ಅಲ್ಲಿಯೂ ಹೌದೆಂದೇ ತಲೆಯಾಡಿಸಿದೆ. ಈ ಬರಹವನ್ನು ಮೊದಲು ಅವಳಿಗೆ ಕಳಿಸುತ್ತಿದ್ದೇನೆ.

ನಿಮಗೊಂದು ಮಾತು. ಮನೆಯ ಹಿರಿಯರ ವಸ್ತು ಏನೆಂದು ಅದನ್ನು ಕೊಳ್ಳಲು ಬಂದವನನ್ನು ಕೇಳಬೇಡಿ. ಪಟ್ಟಿ ನೋಡಿದೆ ಎಂದರೆ ಅವನ ಫೋನ್ ಇಸಿದುಕೊಂಡು ನೀವೇ ನೋಡಿ. ಅಲ್ಲಿಯವರೆಗೆ ಗೋಡೆಯಿಂದ ಏನನ್ನೂ ಇಳಿಸಬೇಡಿ.